ಅವ್ವನ ಮೂತ್ರದಲ್ಲಿ ಸಕ್ಕರೆ ಇಲ್ಲ, ರಕ್ತದಲ್ಲಿ ಇದೆ: ಯಾವುದನ್ನು ನಂಬಬೇಕು?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಅವ್ವನಿಗೆ 69 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ 16 ವರ್ಷ. ಮುಂಜಾನೆ ಮತ್ತು ರಾತ್ರಿ ಇನ್ಸುಲಿನ್ ಇದೆ, ಜೊತೆಗೆ ಮೆಟ್‌ಫಾರ್ಮಿನ್ ಗುಳಿಗೆ. ಬೆರಳು ಚುಚ್ಚಿಸಿಕೊಳ್ಳಲು ಆಕೆಗೆ ಬಹಳ ಹೆದರಿಕೆ. ಅದಕ್ಕೆ ಅಣ್ಣ ಔಷಧಿ ಅಂಗಡಿಯಿಂದ ಮೂತ್ರ ಪರೀಕ್ಷೆಯ ಸ್ಟ್ರಿಪ್ ಡಬ್ಬಿ ತಂದುಕೊಟ್ಟಿದ್ದಾನೆ. ದಿನಾ ಮುಂಜಾನೆ ಎದ್ದ ಕೂಡಲೇ ನೋಡುತ್ತೇವೆ. ಆರು ತಿಂಗಳಲ್ಲಿ ಒಮ್ಮೆಯೂ ಬಣ್ಣ ತಿರುಗಿಲ್ಲ, ನೀಲಿ ನೀಲಿಯಾಗಿಯೇ ಉಳಿದಿದೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಮೂರು ತಿಂಗಳ ಸರಾಸರಿ 8.4 ಬಂತು. ಗದಗಿನಲ್ಲಿರುವ ಸೋದರಮಾವನದು ಇದಕ್ಕೆ ಪೂರ್ತಿ ಉಲ್ಟಾ. ಊಟದ ನಂತರ ರಕ್ತದಲ್ಲಿ 150ರ ಆಸುಪಾಸು ಇರುತ್ತದೆ, ಮೂತ್ರದ ಸ್ಟ್ರಿಪ್ ಮಾತ್ರ ಕಡು ಕಂದು. ನಾಲ್ಕು ತಿಂಗಳಿಂದ ಡಾಪಾಗ್ಲಿಫ್ಲೋಜಿನ್ ಎಂಬ ಗುಳಿಗೆ ನುಂಗುತ್ತಿದ್ದಾನೆ. ಬಣ್ಣಕ್ಕೆ ಹೆದರಿ ಅನ್ನ ಪೂರಾ ಬಿಟ್ಟಿದ್ದಾನೆ. ನಮ್ಮ ಅಜ್ಜ ಸ್ಪಿರಿಟ್ ದೀಪದ ಮೇಲೆ ನೀಲಿ ಔಷಧಿ ಕುದಿಸಿ ನೋಡಿಕೊಂಡೇ ಹದಿನೆಂಟು ವರ್ಷ ಸಕ್ಕರೆ ಕಾಯಿಲೆಯೊಂದಿಗೆ ಬಾಳಿದ. ಹಾಗಾದರೆ ಮೂತ್ರದ ಪರೀಕ್ಷೆ ಸುಳ್ಳೇ? ಇನ್ನೊಂದು ಮಾತು: ಇತ್ತೀಚೆಗೆ ಅವ್ವ ವಾರದಲ್ಲಿ ಒಂದೆರಡು ಸಲ ನಸುಕಿನಲ್ಲಿ ಮೈಯೆಲ್ಲ ಬೆವತು ಏಳುತ್ತಾಳೆ, "ಕೆಟ್ಟ ಕನಸು ಬಿತ್ತವಾ" ಅನ್ನುತ್ತಾಳೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಅಕ್ಕೋರೇ, ನಮಸ್ಕಾರ. ನಿಮ್ಮ ಪತ್ರದ ಕೊನೆಯ ಎರಡು ಸಾಲು ಓದಿದ ಮೇಲೆ ಉಳಿದದ್ದೆಲ್ಲ ನನಗೆ ಆಮೇಲಿನ ಮಾತಾಯಿತು. ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುವ 69 ವರ್ಷದ ಹೆಣ್ಣುಮಗಳು ನಸುಕಿನಲ್ಲಿ ಬೆವತು, ಬೆದರಿ ಏಳುತ್ತಾರೆ ಎಂದರೆ ರಕ್ತದ ಸಕ್ಕರೆ ಇಳಿದಿದೆ ಎಂದೇ ಮೊದಲು ತಿಳಿಯಬೇಕು. ಬೇರೆ ಕಾರಣ ಎಂದು ಖಾತ್ರಿಯಾಗುವ ತನಕ ಹಾಗೆಯೇ ನಡೆದುಕೊಳ್ಳಬೇಕು. ಗ್ಯಾಸು, ನಿಶ್ಶಕ್ತಿ, ಸೆಕೆ ಎಂದು ಮನೆಯಲ್ಲಿ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಆದ್ದರಿಂದ ಮೊದಲ ಕೆಲಸ ಇದು. ಒಂದು ಗ್ಲೂಕೋಮೀಟರ್ ಕೊಳ್ಳಿ, ಇಲ್ಲವೇ ಎರಡು ದಿನದ ಮಟ್ಟಿಗೆ ಯಾರದಾದರೂ ತನ್ನಿ. ತಂದದ್ದಾದರೆ ಚುಚ್ಚುವ ಸೂಜಿ ಮಾತ್ರ ಹೊಸದೇ ಇರಬೇಕು, ಇನ್ನೊಬ್ಬರ ಸೂಜಿ ಎಂದೂ ಬೇಡ. ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಅವ್ವನ ಬೆರಳು ಚುಚ್ಚಿ ನೋಡಿ. 70 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಮೂರು ಚಹಾ ಚಮಚ ತುಂಬ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಅರ್ಧ ರೊಟ್ಟಿಯೋ ಎರಡು ಬಿಸ್ಕೀಟೋ ತಿನ್ನಿಸಿ ಮಲಗಿಸಿ. ಮನೆಯಲ್ಲಿ ಧಾರವಾಡ ಪೇಡೆ ಇದೆ ಎಂದು ಅದನ್ನು ಕೊಡಬೇಡಿ. ಅದರ ಹಾಲಿನ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ, ಆ ಹೊತ್ತಿಗೆ ಬೇಕಾದದ್ದು ಬರೀ ಸಕ್ಕರೆ. ಮೀಟರ್ ಕೈಗೆ ಬರುವ ಮೊದಲೇ ಅವರು ಬೆವತು ಎದ್ದರೆ ಪರೀಕ್ಷೆಗಾಗಿ ಕಾಯಬೇಡಿ, ಸಕ್ಕರೆ ನೀರು ಕೊಟ್ಟುಬಿಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ನಾಳೆಯೇ ನಿಮ್ಮ ವೈದ್ಯರಿಗೆ ಈ ಬೆವರಿನ ವಿಷಯ ಹೇಳಿ. ರಾತ್ರಿಯ ಇನ್ಸುಲಿನ್ ಎಷ್ಟು ಇಳಿಸಬೇಕು ಎಂಬುದನ್ನು ಅವರು ತೀರ್ಮಾನಿಸಲಿ. ನೀವಾಗಿ ನಿಲ್ಲಿಸಬೇಡಿ.

ಇನ್ನು ಮೂತ್ರದ ಮಾತು.

ಮೂತ್ರದ ಪರೀಕ್ಷೆ ಸುಳ್ಳು ಹೇಳುವುದಿಲ್ಲ. ನಾವು ಕೇಳುತ್ತಿರುವುದು ಒಂದು, ಅದು ಉತ್ತರ ಕೊಡುತ್ತಿರುವುದು ಇನ್ನೊಂದು ಪ್ರಶ್ನೆಗೆ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಡನೆ ಸಕ್ಕರೆಯೂ ಸೋಸಿ ಬರುತ್ತದೆ. ರಕ್ತದ ಸಕ್ಕರೆ 100 ಇದ್ದವರಲ್ಲಿ ಲೆಕ್ಕ ಹಾಕಿದರೆ ದಿನಕ್ಕೆ 180 ಗ್ರಾಂ, ಎಂದರೆ ಒಂದು ದೊಡ್ಡ ಲೋಟ ತುಂಬ ಸಕ್ಕರೆ. ಆರೋಗ್ಯವಂತರಲ್ಲಿ ಇದಿಷ್ಟನ್ನೂ ಮೂತ್ರಪಿಂಡದ ನಳಿಕೆಗಳು ಹೆಕ್ಕಿ ರಕ್ತಕ್ಕೇ ಮರಳಿಸುತ್ತವೆ, ಮೂತ್ರಕ್ಕೆ ಹೋಗಗೊಡುವುದಿಲ್ಲ. ಆದರೆ ಆ ಹೆಕ್ಕುವ ಶಕ್ತಿಗೆ ಒಂದು ಮಿತಿ ಇದೆ. ರಕ್ತದ ಸಕ್ಕರೆ ಸಾಮಾನ್ಯವಾಗಿ 180ರ ಸುಮಾರು ದಾಟಿದಾಗ ಉಳಿಕೆ ಮೂತ್ರಕ್ಕೆ ಇಳಿಯುತ್ತದೆ.

ಹಾವೇರಿಯವರಿಗೆ ಹೆಗ್ಗೇರಿ ಕೆರೆ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಗೊತ್ತು. ಕೆರೆ ತುಂಬಿದ ಮೇಲೆಯೇ ಕೋಡಿ ಬೀಳುವುದು. ಮೂತ್ರದಲ್ಲಿ ಕಾಣುವ ಸಕ್ಕರೆ ಕೋಡಿಯ ನೀರು. ಕೋಡಿ ಹರಿಯುತ್ತಿದ್ದರೆ ಕೆರೆ ತುಂಬಿದೆ ಎಂದು ಹೇಳಬಹುದು. ಕೋಡಿ ಒಣಗಿದ್ದರೆ? ಕೆರೆ ಕೋಡಿಗೆ ಒಂದು ಗೇಣು ಕೆಳಗಿರಬಹುದು, ಅರ್ಧ ಇರಬಹುದು, ತಳದ ಕೆಸರು ಬಿರಿದಿರಲೂಬಹುದು. ಕೋಡಿಯ ಕಲ್ಲಿನ ಮೇಲೆ ನಿಂತು ನೋಡಿದರೆ ಮೂರೂ ಒಂದೇ. ನಿಮ್ಮ ಅವ್ವನ ಸ್ಟ್ರಿಪ್ ರಕ್ತದ ಸಕ್ಕರೆ 170 ಇದ್ದಾಗಲೂ ನೀಲಿ, 110 ಇದ್ದಾಗಲೂ ನೀಲಿ, 45ಕ್ಕೆ ಇಳಿದು ಬೆವರಿನಲ್ಲಿ ತೊಯ್ದಾಗಲೂ ನೀಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಜೀವಕ್ಕೆ ಬರುವ ಅಪಾಯ ಈ ಕೊನೆಯದರಲ್ಲೇ ಇದೆ, ಮೂತ್ರ ಅದನ್ನು ಎಂದೂ ತೋರಿಸಲಾರದು.

ಎರಡನೆಯ ತೊಡಕು ಕೋಡಿಯ ಎತ್ತರದ್ದು. ಅದು ಎಲ್ಲರಿಗೂ ಒಂದೇ ಇರುವುದಿಲ್ಲ. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಲ್ಲಿ, ಮೂತ್ರಪಿಂಡ ಸೋಸುವುದು ನಿಧಾನವಾದವರಲ್ಲಿ ಈ ಮಿತಿ ಮೇಲೇರುತ್ತದೆ. ಕೆಲವರಲ್ಲಿ ರಕ್ತದ ಸಕ್ಕರೆ 250 ಇದ್ದರೂ ಮೂತ್ರದಲ್ಲಿ ಏನೂ ಕಾಣುವುದಿಲ್ಲ. ಬಸುರಿಯರಲ್ಲಿ ಇದೇ ಮಿತಿ ಕೆಳಗಿಳಿಯುತ್ತದೆ, ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಮೂತ್ರದಲ್ಲಿ ಸಕ್ಕರೆ ಕಾಣಬಹುದು. ಹುಟ್ಟಿನಿಂದಲೇ ಕೋಡಿ ತಗ್ಗಿರುವವರೂ ಇದ್ದಾರೆ. ಅವರಿಗೆ ರೋಗವಿಲ್ಲ, ಆದರೂ ಯಾವುದೋ ನೌಕರಿಯ ತಪಾಸಣೆಯಲ್ಲಿ ಮೂತ್ರದ ಸಕ್ಕರೆ ಸಿಕ್ಕು ಗಾಬರಿಯಾಗಿ ಬರುತ್ತಾರೆ. ರಕ್ತ ನೋಡಿದರೆ ಎಲ್ಲ ಸರಿ ಇರುತ್ತದೆ.

ಮೂರನೆಯದು ಹೊತ್ತಿನ ತೊಡಕು. ರಾತ್ರಿ ಹತ್ತಕ್ಕೆ ಮೂತ್ರಕ್ಕೆ ಹೋಗಿ ಬಂದು ಮಲಗಿ ಮುಂಜಾನೆ ಆರಕ್ಕೆ ಎದ್ದರೆ, ಆ ಮೂತ್ರ ಎಂಟು ತಾಸು ಚೀಲದಲ್ಲಿ ಕೂಡಿದ್ದು. ಹನ್ನೊಂದು ಗಂಟೆಗೆ ಸಕ್ಕರೆ ಏರಿದ್ದು, ಮೂರು ಗಂಟೆಗೆ ಇಳಿದದ್ದು ಎಲ್ಲವೂ ಅದರಲ್ಲಿ ಕಲಸಿಹೋಗಿವೆ. ಆರು ಗಂಟೆಯ ಸ್ಥಿತಿ ಅದರಿಂದ ತಿಳಿಯದು.

ಈ ಮೂರನೆಯ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಹೊಸದಾಗಿ ವೈದ್ಯನಾದಾಗ ನಮ್ಮ ವಾರ್ಡಿನ ಮೂಲೆಯಲ್ಲಿ ಸ್ಪಿರಿಟ್ ದೀಪ, ಗಾಜಿನ ನಳಿಗೆಗಳ ಸ್ಟ್ಯಾಂಡು, ನೀಲಿ ಬೆನೆಡಿಕ್ಟ್ ದ್ರಾವಣದ ಬಾಟಲಿ ಇರುತ್ತಿದ್ದವು. ನಿಮ್ಮ ಅಜ್ಜ ಮನೆಯಲ್ಲಿ ಮಾಡುತ್ತಿದ್ದದ್ದೂ ಇದೇ: ಐದು ಮಿಲಿಲೀಟರ್ ದ್ರಾವಣಕ್ಕೆ ಎಂಟು ಹನಿ ಮೂತ್ರ, ಎರಡು ನಿಮಿಷ ಕುದಿ. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತ ಹೋಗಿ ಇಟ್ಟಂಗಿ ಕೆಂಪಿಗೆ ನಿಂತರೆ ನೂರಕ್ಕೆ ಎರಡು ಪಾಲು ಅಥವಾ ಹೆಚ್ಚು. ಅಮೆರಿಕದ ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಬೆನೆಡಿಕ್ಟ್ 1908ರ ಸುಮಾರಿಗೆ ರೂಪಿಸಿದ ಈ ಪರೀಕ್ಷೆಯನ್ನು ನಂಬಿ ಜಗತ್ತಿನ ವಾರ್ಡುಗಳೆಲ್ಲ ಹಲವು ದಶಕ ನಡೆದವು. ನಮ್ಮ ವಾರ್ಡಿನ ಗೋಡೆಯ ಮೇಲೆ ಒಂದು ಚಾರ್ಟು ಅಂಟಿಸಿದ್ದರು: ಹಸಿರಿಗೆ 5 ಯೂನಿಟ್ ಇನ್ಸುಲಿನ್, ಹಳದಿಗೆ 10, ಕಿತ್ತಳೆಗೆ 15, ಕೆಂಪಿಗೆ 20.

ಒಂದು ನಸುಕಿನಲ್ಲಿ ವಯಸ್ಸಾದ ರೈತರೊಬ್ಬರ ಮೂತ್ರ ಇಟ್ಟಂಗಿ ಕೆಂಪು ಬಂತು. ಚಾರ್ಟು ನೋಡಿ 20 ಯೂನಿಟ್ ಬರೆದೆ. ಹಿಂದಿನ ರಾತ್ರಿ ಅವರು ಉಂಡದ್ದನ್ನೆಲ್ಲ ವಾಂತಿ ಮಾಡಿದ್ದರು, ಅದನ್ನು ನಾನು ಕೇಳಿರಲಿಲ್ಲ. ಕೆಂಪು ಬಣ್ಣ ರಾತ್ರಿಯ ಮೊದಲ ಜಾವದ್ದು, ನಾನು ಇನ್ಸುಲಿನ್ ಕೊಟ್ಟ ಹೊತ್ತಿಗೆ ರಕ್ತದ ಸಕ್ಕರೆ ಆಗಲೇ ಇಳಿದಿತ್ತು. ಎಂಟು ಗಂಟೆಗೆ ಅವರ ಮಗ ಓಡಿ ಬಂದ: "ನಮ್ಮಪ್ಪ ಮಾತಾಡವಲ್ರೀ ಡಾಕ್ಟ್ರ!" ಹೋಗಿ ನೋಡಿದರೆ ಹಾಸಿಗೆ ತೊಯ್ದು ತೊಪ್ಪೆ, ಹಲ್ಲು ಕಚ್ಚಿಕೊಂಡಿದ್ದಾರೆ, ಕೈ ಮುಟ್ಟಿದರೆ ತಣ್ಣಗೆ. ನರಕ್ಕೆ ಗ್ಲೂಕೋಸ್ ಏರಿಸುತ್ತಿದ್ದಂತೆ ಕಣ್ಣು ಬಿಟ್ಟರು. ನನ್ನ ಮುಖ ನೋಡಿ, "ಎಲ್ಲಿಗೋ ಹೋಗಿ ಬಂದಂಗಾತ್ರೀ" ಅಂದರು. ಅವರು ಬದುಕಿದರು. ಆದರೆ ಆ ಇಪ್ಪತ್ತು ಯೂನಿಟ್ ಬರೆದ ಕೈ ನನ್ನದು. ಅಂದಿನಿಂದ ಮೂತ್ರದ ಬಣ್ಣ ನೋಡಿ ಇನ್ಸುಲಿನ್ ಕೊಟ್ಟವನಲ್ಲ, ಕೊಡಲು ಯಾರನ್ನೂ ಬಿಟ್ಟವನೂ ಅಲ್ಲ.

ನಿಮ್ಮ ಅಜ್ಜ ಹದಿನೆಂಟು ವರ್ಷ ಬಾಳಿದ್ದು ಅವರ ಶಿಸ್ತಿನಿಂದ. ದಿನಾ ದೀಪ ಹಚ್ಚಿ ಕುದಿಸಿ ನೋಡುವ ಮನುಷ್ಯ ಊಟದಲ್ಲೂ ಅಷ್ಟೇ ಕಟ್ಟುನಿಟ್ಟಾಗಿ ಇದ್ದಿರಬೇಕು. ಆ ಕಾಲಕ್ಕೆ ಮನೆಯಲ್ಲಿ ಬೇರೆ ದಾರಿಯೂ ಇರಲಿಲ್ಲ. ಬೆರಳಿನ ಹನಿ ರಕ್ತದಿಂದ ಸಕ್ಕರೆ ಅಳೆಯುವ ಯಂತ್ರ ಬಂದದ್ದೇ 1970ರ ಹೊತ್ತಿಗೆ. ಅದೂ ಒಂದು ಕಿಲೋ ಮೀರಿದ ತೂಕದ್ದು, ವೈದ್ಯರ ಮೇಜಿನ ಮೇಲೆ ಕೂಡುವಂಥದ್ದು. ಅದಕ್ಕೂ ಹಿಂದೆ ಹೋದರೆ ನಮ್ಮ ಪ್ರಾಚೀನ ವೈದ್ಯರು ಇಟ್ಟ ಮಧುಮೇಹ ಎಂಬ ಹೆಸರು, ಕನ್ನಡದ ಸಿಹಿಮೂತ್ರ ಎಂಬ ಮಾತು, ಎರಡೂ ಮೂತ್ರ ನೋಡಿಯೇ ಹುಟ್ಟಿದವು. ಇರುವೆ ಮುತ್ತುವುದನ್ನು ಕಂಡು ರೋಗ ಗುರುತಿಸಿದವರ ಕಣ್ಣು ಸಣ್ಣದಲ್ಲ. ಈಗಲೂ ಹಳ್ಳಿಯಲ್ಲಿ ಯಾರಾದರೂ ಅಜ್ಜಿ, "ಕೂಸು ಉಚ್ಚಿ ಹೊಯ್ದಲ್ಲಿ ಇರುವಿ ಮುತ್ತಾಕ್ಹತ್ಯಾವು" ಎಂದರೆ, ಆ ಮಗು ಬಡವಾಗುತ್ತ, ವಿಪರೀತ ನೀರು ಕುಡಿಯುತ್ತ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದ್ದರೆ, ಅದೇ ದಿನ ರಕ್ತ ಪರೀಕ್ಷೆ ಆಗಬೇಕು, ಮಾರನೆಯ ದಿನಕ್ಕೆ ಇಡಬಾರದು. ನೀವು ಶಾಲೆಯಲ್ಲಿ ಮಕ್ಕಳ ನಡುವೆ ಇರುವವರು, ಇದನ್ನು ನೆನಪಿಡಿ.

ಈಗ ನಿಮ್ಮ ಅವ್ವನ ಲೆಕ್ಕ ಬಿಡಿಸೋಣ. ಹುಬ್ಬಳ್ಳಿಯಲ್ಲಿ ಮಾಡಿಸಿದ ಆ ಮೂರು ತಿಂಗಳ ಪರೀಕ್ಷೆಯ ಹೆಸರು ಎಚ್‌ಬಿಎ1ಸಿ. ಅದು 8.4 ಎಂದರೆ ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ಸುಮಾರು 194. ಮುಂಜಾನೆಯ ಮೂತ್ರ ದಿನಾ ನೀಲಿ. ನಸುಕಿನಲ್ಲಿ ಬೆವರು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಹೀಗೆ: ರಾತ್ರಿಯ ಇನ್ಸುಲಿನ್ ಅವರಿಗೆ ಹೆಚ್ಚಾಗುತ್ತಿದೆ, ಅಥವಾ ರಾತ್ರಿಯ ಊಟ ಅದಕ್ಕೆ ಸಾಲುತ್ತಿಲ್ಲ. ರಾತ್ರಿ ಇಳಿಯುವ ಸಕ್ಕರೆ ಹಗಲು, ಅದರಲ್ಲೂ ಮಧ್ಯಾಹ್ನದ ಊಟದ ಮೇಲೆ, 200 ದಾಟಿ ಬಹಳ ಹೊತ್ತು ಮೇಲೇ ನಿಲ್ಲುತ್ತಿದೆ. ಹಾಗಿಲ್ಲದಿದ್ದರೆ ಸರಾಸರಿ 194 ಬರುವುದಿಲ್ಲ. ನೀವು ಮಧ್ಯಾಹ್ನದ ಮೂತ್ರವನ್ನು ಒಮ್ಮೆಯೂ ನೋಡಿಲ್ಲ. ನೋಡಿದ್ದರೂ 16 ವರ್ಷದ ಕಾಯಿಲೆಯಲ್ಲಿ ಅವರ ಕೋಡಿ ಎಷ್ಟು ಏರಿದೆಯೋ ಹೇಳುವಂತಿಲ್ಲ.

ಇಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವ ಸಂಗತಿ ಒಂದಿದೆ. ಬರೀ 8.4 ಎಂಬ ಅಂಕಿ ಹಿಡಿದು ಯಾವ ವೈದ್ಯರ ಬಳಿ ಹೋದರೂ "ಸಕ್ಕರೆ ಜಾಸ್ತಿ ಇದೆ" ಎಂದು ಇನ್ಸುಲಿನ್ ಏರಿಸುವ ಸಾಧ್ಯತೆ ಇದೆ. ರಾತ್ರಿಯ ಡೋಸೇ ಏರಿದರೆ ಈಗಿನ ಬೆವರು ಎಚ್ಚರ ತಪ್ಪುವುದಕ್ಕೆ ತಿರುಗಬಹುದು. ಸರಾಸರಿಗೆ ಏರೂ ಕಾಣದು, ಇಳಿವೂ ಕಾಣದು. ಮಳೆಗಾಲದ ನೆರೆ ಮತ್ತು ಬೇಸಿಗೆಯ ಬರ ಎರಡನ್ನೂ ಕೂಡಿ ಭಾಗಿಸಿ "ಈ ವರ್ಷ ಮಳೆ ಚಲೋ ಆತು" ಅಂದಹಾಗೆ ಅದು. ಆದ್ದರಿಂದ ವೈದ್ಯರ ಮುಂದೆ 8.4ರ ಜೊತೆಗೆ ರಾತ್ರಿ ಮೂರರ ಅಂಕಿಯನ್ನೂ ಇಡಿ. ಹಾಗೆಯೇ ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ನೋಡಿಸಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಅದು ಅಪರೂಪವೇನಲ್ಲ. ಈ ವಯಸ್ಸಿನವರಿಗೆ, ಅದರಲ್ಲೂ ಸಕ್ಕರೆ ಇಳಿಯುತ್ತಿರುವವರಿಗೆ, ಎಚ್‌ಬಿಎ1ಸಿಯನ್ನು 7ರ ಕೆಳಗೆ ತರಲೇಬೇಕು ಎಂಬ ಹಟ ಬೇಡ. 7.5ರಿಂದ 8ರ ನಡುವೆ ಇಟ್ಟು, ರಾತ್ರಿ ಇಳಿಯದಂತೆ ನೋಡಿಕೊಂಡರೆ ಅದು ಒಳ್ಳೆಯ ಚಿಕಿತ್ಸೆ.

ಶ್ರಾವಣದ ಸೋಮವಾರ, ಶನಿವಾರ ಅವ್ವ ಒಪ್ಪತ್ತು ಮಾಡುತ್ತಾರೆಯೇ? ಕೇಳಿ ನೋಡಿ. ನಮ್ಮ ಹಿರಿಯರು ಊಟ ಬಿಡುತ್ತಾರೆ, ಇನ್ಸುಲಿನ್ ಬಿಡುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ವ್ರತ ಬಿಡಿ ಎಂದು ನಾನು ಹೇಳುವುದಿಲ್ಲ, ಆ ದಿನದ ಡೋಸು ಎಷ್ಟೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ.

ಸೋದರಮಾವನ ವಿಷಯ ಸಲೀಸು, ಅವರು ನಾಳೆಯಿಂದಲೇ ಅನ್ನ ಉಣ್ಣಲಿ, ಅಳತೆಯಲ್ಲಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆಗಳ ಕೆಲಸವೇ ಕೋಡಿಯನ್ನು ಕಡಿದು ತಗ್ಗಿಸುವುದು. ಮೂತ್ರಪಿಂಡ ಸಕ್ಕರೆಯನ್ನು ಹೆಕ್ಕಿ ಮರಳಿಸುವುದನ್ನು ಅವು ತಡೆಯುತ್ತವೆ. ಹೀಗೆ ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಸಕ್ಕರೆ ಮೂತ್ರದಲ್ಲಿ ಹರಿದು ಹೋಗುತ್ತದೆ. ಸ್ಟ್ರಿಪ್ ಕಡು ಕಂದಾಗುವುದು ಗುಳಿಗೆ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಅದನ್ನು ನೋಡಿ ಊಟ ಬಿಡುವುದು ಅನ್ಯಾಯ. ಅಷ್ಟೇ ಅಲ್ಲ, ಈ ಗುಳಿಗೆ ತೆಗೆದುಕೊಳ್ಳುವವರು ಊಟ ಪೂರ್ತಿ ಬಿಟ್ಟರೆ, ವಾಂತಿ-ಭೇದಿಯಾಗಿ ಸೊರಗಿದರೆ, ರಕ್ತದ ಸಕ್ಕರೆ ಹೆಚ್ಚಿರದಿದ್ದರೂ ಮೈಯಲ್ಲಿ ಕೀಟೋನ್ ಎಂಬ ಆಮ್ಲ ಏರುವ ಅಪಾಯ ಉಂಟು. ಅಂಥ ದಿನ ಗುಳಿಗೆ ತಡೆದು ವೈದ್ಯರಿಗೆ ಫೋನ್ ಮಾಡಲಿ. ಶಸ್ತ್ರಚಿಕಿತ್ಸೆ ಏನಾದರೂ ಇದ್ದರೆ ಕೆಲವು ದಿನ ಮೊದಲೇ ಇದನ್ನು ನಿಲ್ಲಿಸಬೇಕಾಗುತ್ತದೆ, ಹೇಳಲು ಮರೆಯಬಾರದು. ಸಿಹಿ ಮೂತ್ರದಿಂದ ಗುಪ್ತಾಂಗದಲ್ಲಿ ಬೂಷ್ಟು ತುರಿಕೆ ಬರುವುದುಂಟು. ಪ್ರತಿ ಸಲ ನೀರಿನಿಂದ ತೊಳೆದು ಒಣಗಿಸಿಕೊಳ್ಳಲಿ, ನಾಚಿಕೆ ಪಟ್ಟು ಮುಚ್ಚಿಡದಿರಲಿ. ಅವರಿಗೆ ಮೂತ್ರದ ಸಕ್ಕರೆಯ ಸ್ಟ್ರಿಪ್‌ನಿಂದ ಯಾವ ಉಪಯೋಗವೂ ಇಲ್ಲ.

ಅವ್ವನ ಹೆದರಿಕೆಗೆ ಬರೋಣ. ಅದನ್ನು ಸಣ್ಣದು ಅನ್ನಲಾರೆ. ದಿನಾ ಎರಡು ಸಲ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುವವರೂ ಬೆರಳಿಗೆ ಹೆದರುತ್ತಾರೆ. ಬೆರಳ ತುದಿಯಲ್ಲಿ ನರಗಳು ದಟ್ಟ, ನೋವು ಅಲ್ಲಿ ನಿಜವಾಗಿಯೂ ಹೆಚ್ಚು. ಅದಕ್ಕೇ ತುದಿಯ ನಡು ಮೆತ್ತೆಯನ್ನು ಬಿಟ್ಟು, ಉಂಗುರ ಬೆರಳಿನ ಅಥವಾ ನಡು ಬೆರಳಿನ ತುದಿಯ ಪಕ್ಕದಲ್ಲಿ ಚುಚ್ಚಿ. ಸೂಜಿಯ ಪೆನ್ನಿನಲ್ಲಿ ಆಳದ ಅಂಕಿ ಇರುತ್ತದೆ. ಕಡಿಮೆಯಿಂದ ಶುರು ಮಾಡಿ, ರಕ್ತ ಬರದಿದ್ದರೆ ಮಾತ್ರ ಒಂದೊಂದೇ ಏರಿಸಿ. ಚುಚ್ಚುವ ಮೊದಲು ಉಗುರು ಬೆಚ್ಚಗಿನ ನೀರು, ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿ, ಕೈಯನ್ನು ಒಂದು ನಿಮಿಷ ಕೆಳಗೆ ಇಳಿಬಿಡಲಿ, ರಕ್ತ ತಾನಾಗಿ ಇಳಿಯುತ್ತದೆ. ಬೆರಳನ್ನು ಹಿಂಡಿ ಹಿಂಡಿ ತೆಗೆದ ಹನಿಯ ಅಂಕಿ ನಂಬುವಂತಿಲ್ಲ. ನಿಮ್ಮದು ಬ್ಯಾಡಗಿ ಸೀಮೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂತಿದ್ದರೆ ಆ ಕೈ ಎರಡು ಸಲ ತೊಳೆದ ಮೇಲೆಯೇ ಚುಚ್ಚಿ, ಇಲ್ಲದಿದ್ದರೆ ಉರಿಗೆ ಜೀವ ಬೇಸತ್ತು ಮತ್ತೆಂದೂ ಕೈ ಕೊಡಲಿಕ್ಕಿಲ್ಲ.

ಕೈ ತೊಳೆಯುವುದು ಉರಿಗಾಗಿ ಮಾತ್ರ ಅಲ್ಲ. ಒಂದು ಮೇ ತಿಂಗಳಲ್ಲಿ ಧಾರವಾಡದ ಗೃಹಿಣಿಯೊಬ್ಬರು ಮೀಟರಿನಲ್ಲಿ 312 ಬಂತೆಂದು ಅಳುತ್ತ ಬಂದರು. ನನ್ನೆದುರಿಗೆ ಸಿಂಕಿನಲ್ಲಿ ಕೈ ತೊಳೆಸಿ, ಅದೇ ಮೀಟರಿನಲ್ಲಿ ನೋಡಿದೆ, 148. ಮನೆಯಿಂದ ಹೊರಡುವ ಮುನ್ನ ಮಕ್ಕಳಿಗೆ ಆಪೂಸ್ ಹಣ್ಣು ಹೆಚ್ಚಿಕೊಟ್ಟು ಸೆರಗಿಗೆ ಕೈ ಒರೆಸಿಕೊಂಡಿದ್ದರಂತೆ. ಬೆರಳ ಮೇಲಿನ ಆ ಅಂಟು ಸಕ್ಕರೆಯನ್ನೂ ಮೀಟರು ರಕ್ತದ್ದೆಂದೇ ಓದುತ್ತದೆ. ನೀರಿಲ್ಲದ ಕಡೆ ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ ಎರಡನೆಯ ಹನಿಯನ್ನು ಸ್ಟ್ರಿಪ್‌ಗೆ ಕೊಡಿ. ಸ್ಪಿರಿಟ್ ಹಚ್ಚಿದ್ದರೆ ಅದು ಪೂರ್ತಿ ಆರಲಿ. ನಮ್ಮ ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಟ್ಟಿಟ್ಟರೆ ತೇವ ತಗುಲಿ ಸ್ಟ್ರಿಪ್ ಕೆಡುತ್ತವೆ. ಒಂದು ತೆಗೆದ ಕೂಡಲೇ ಮುಚ್ಚಿ, ಫ್ರಿಜ್ಜಿನಲ್ಲಿ ಇಡಬೇಡಿ.

ಮೀಟರಿಗೂ ಪ್ರಯೋಗಾಲಯಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಒಪ್ಪಿತ ಅಂತರರಾಷ್ಟ್ರೀಯ ಮಾನದಂಡವೇ ನೂರು ಅಥವಾ ಅದಕ್ಕಿಂತ ಹೆಚ್ಚಿನ ಅಂಕಿಗಳಲ್ಲಿ ನೂರಕ್ಕೆ ಹದಿನೈದರ ತನಕ ಹೆಚ್ಚುಕಡಿಮೆಯನ್ನು ಬಿಡುತ್ತದೆ. 180 ಬಂದದ್ದು 165 ಆಗಿರಬಹುದು, 200 ಆಗಿರಬಹುದು. ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಬೆರಳಿನ ರಕ್ತ ಊಟದ ಮೇಲೆ ತೋಳಿನ ರಕ್ತಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಇದನ್ನು ಹಿಡಿದು "ಮೀಟರ್ ಖೊಟ್ಟಿ ಐತಿ" ಎಂದು ಮೂಲೆಗಿಟ್ಟವರನ್ನು ಬಹಳ ನೋಡಿದ್ದೇನೆ.

ಖರ್ಚಿನ ಮಾತು ನೀವು ಎತ್ತಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಜನ ಮೂತ್ರದ ಸ್ಟ್ರಿಪ್‌ಗೆ ಹೋಗುವುದು ಅರ್ಧ ಇದೇ ಕಾರಣಕ್ಕೆ. ರಕ್ತದ ಸ್ಟ್ರಿಪ್ ತುಟ್ಟಿ. ಆದರೆ ದಿನಾ ಮುಂಜಾನೆ ಒಂದೇ ಹೊತ್ತಿಗೆ ಚುಚ್ಚಿ ಒಂದೇ ಉತ್ತರ ಪಡೆಯುವುದು ಸ್ಟ್ರಿಪ್ ಹಾಳು ಮಾಡಿದಂತೆ. ಮೊದಲ ಎರಡು ವಾರ, ಡೋಸು ಸರಿಹೋಗುವ ತನಕ, ನಿಮ್ಮ ವೈದ್ಯರು ಹೇಳಿದಷ್ಟು ಸಲ ನೋಡಲೇಬೇಕು. ಆಮೇಲೆ ಹೊತ್ತನ್ನು ಬದಲಿಸುತ್ತ ಹೋಗಿ. ಸೋಮವಾರ ಬರಿಹೊಟ್ಟೆ, ಬುಧವಾರ ಮಧ್ಯಾಹ್ನದ ಊಟಕ್ಕೆ ಮೊದಲು ಮತ್ತು ಊಟ ಶುರು ಮಾಡಿದ ಎರಡು ತಾಸಿಗೆ, ಶುಕ್ರವಾರ ಮಲಗುವ ಮುನ್ನ, ಹದಿನೈದು ದಿನಕ್ಕೊಮ್ಮೆ ರಾತ್ರಿ ಮೂರಕ್ಕೆ. ಊಟದ ಮೊದಲು-ಆಮೇಲೆ ಜೋಡಿಯಾಗಿ ನೋಡುವುದರಲ್ಲಿ ಇರುವಷ್ಟು ಪಾಠ ಯಾವ ಪಥ್ಯದ ಚೀಟಿಯಲ್ಲೂ ಇಲ್ಲ. "ಜ್ವಾಳದ ರೊಟ್ಟಿ ಎಷ್ಟ್ ತಿಂದ್ರೂ ನಡೀತತಿ" ಎಂದು ನಂಬಿದವರು ನಾಲ್ಕು ರೊಟ್ಟಿಯ ಮೊದಲು 120, ಆಮೇಲೆ 240 ಎಂದು ತಾವೇ ಕಂಡ ದಿನ ನಾನು ಏನೂ ಹೇಳಬೇಕಾಗುವುದಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ಮೊಳಕೆ ಕಾಳಿನ ಪಲ್ಯ, ಹಸಿ ತರಕಾರಿಯ ಪಚಡಿ ಎಂದಾಗ ಅದೇ ಅಂಕಿ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ.

ಇನ್ಸುಲಿನ್ ಇಲ್ಲದೆ ಬರೀ ಮೆಟ್‌ಫಾರ್ಮಿನ್‌ನಲ್ಲಿ ಇರುವವರು, ಎಚ್‌ಬಿಎ1ಸಿ ಹತೋಟಿಯಲ್ಲಿ ಇರುವವರು ದಿನಾ ಬೆರಳು ಚುಚ್ಚಿಕೊಳ್ಳುವ ಅಗತ್ಯವಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತ ಕೊಟ್ಟರೆ ಸಾಕು. ಹಳ್ಳಿಯಲ್ಲಿ ಮೀಟರೇ ಇಲ್ಲದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳಲ್ಲಿ, ಪಟ್ಟಣಗಳಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ದವಾಖಾನೆಗಳಲ್ಲಿ ಬೆರಳಿನ ಪರೀಕ್ಷೆ ಉಚಿತ. 30 ವರ್ಷ ದಾಟಿದವರನ್ನೆಲ್ಲ ತಪಾಸಣೆ ಮಾಡುವುದು ಸರ್ಕಾರದ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯನ್ನು ಕೇಳಿ. ಅದೂ ಆಗದ ಕಡೆ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ಮೂತ್ರದ ಸಕ್ಕರೆ ನೋಡುವುದು ಏನೂ ನೋಡದಿರುವುದಕ್ಕಿಂತ ಮೇಲು. ಆಗ ಊಟಕ್ಕೆ ಮೊದಲು ಮೂತ್ರಚೀಲ ಖಾಲಿ ಮಾಡಿ, ಊಟದ ಎರಡು ತಾಸಿಗೆ ಬಂದ ಮೂತ್ರವನ್ನು ನೋಡಬೇಕು. ಬಣ್ಣ ತಿರುಗಿದರೆ ರಕ್ತ ಪರೀಕ್ಷೆಗೆ ಹೊರಡಿ. ತಿರುಗದಿದ್ದರೆ ನಿಶ್ಚಿಂತೆ ಎಂದು ತಿಳಿಯಬೇಡಿ. ವಿಟಮಿನ್ ಸಿ ಗುಳಿಗೆ ಬಹಳ ನುಂಗುವವರಲ್ಲಿ ಸ್ಟ್ರಿಪ್ ಇರುವ ಸಕ್ಕರೆಯನ್ನೂ ಮರೆಮಾಡುತ್ತದೆ ಎಂಬುದು ಇನ್ನೊಂದು ಎಡವಟ್ಟು. ಅಜ್ಜನ ಬೆನೆಡಿಕ್ಟ್ ದ್ರಾವಣದಲ್ಲಿ ಅದೇ ವಿಟಮಿನ್ ಸಿ ಇಲ್ಲದ ಸಕ್ಕರೆಯನ್ನು ಇದೆ ಎಂದು ತೋರಿಸುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಅವ್ವನ ಮೂತ್ರ ಪರೀಕ್ಷೆ ಆಗಲೇಬೇಕು, ಸಕ್ಕರೆಗಾಗಿ ಅಲ್ಲ, ಅಲ್ಬುಮಿನ್ ಎಂಬ ಪ್ರೋಟೀನಿಗಾಗಿ. ಮೂತ್ರದಲ್ಲಿ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ಕಸ) ಪ್ರಮಾಣ ನೋಡುವ ಪರೀಕ್ಷೆ ಎಂದು ಪ್ರಯೋಗಾಲಯದಲ್ಲಿ ಕೇಳಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗೆ ಇರಬೇಕು. ಮೂತ್ರಪಿಂಡಕ್ಕೆ ಸಕ್ಕರೆ ಕಾಯಿಲೆ ತಾಗಿದರೆ ಕಾಲು ಬಾಯುವುದಕ್ಕೆ, ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮೊದಲೇ ಇದರಲ್ಲಿ ಸುಳಿವು ಸಿಗುತ್ತದೆ, ಆಗ ತಡೆಯಲು ಔಷಧಿಗಳಿವೆ. ವರ್ಷಕ್ಕೊಮ್ಮೆ ಆಗಬೇಕಾದ ಈ ಪರೀಕ್ಷೆಯನ್ನು 16 ವರ್ಷದಲ್ಲಿ ಒಮ್ಮೆಯೂ ಮಾಡಿಸದವರನ್ನು ನಾನು ವಾರವಾರ ನೋಡುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ನಿಮ್ಮ ಅವ್ವನಿಗೆ ಇದು ಇನ್ನೊಂದು ಕಾರಣಕ್ಕೂ ಬೇಕು. ಮೈಯೊಳಗಿನ ಇನ್ಸುಲಿನ್ ಅನ್ನು ಕರಗಿಸಿ ಕಳೆಯುವುದರಲ್ಲಿ ಮೂತ್ರಪಿಂಡದ ಪಾಲು ದೊಡ್ಡದು. ಅದು ಸೋತರೆ ಹಿಂದೆ ಸರಿಯಾಗಿದ್ದ ಡೋಸೇ ಈಗ ಹೆಚ್ಚಾಗುತ್ತದೆ, ಸಕ್ಕರೆ ನಸುಕಿನಲ್ಲಿ ಇಳಿಯುತ್ತದೆ. ಆದ್ದರಿಂದ ರಕ್ತದ ಕ್ರಿಯಾಟಿನಿನ್ ಕೂಡ ಅದೇ ದಿನ ಕೊಟ್ಟುಬನ್ನಿ. ಮೆಟ್‌ಫಾರ್ಮಿನ್ ಮುಂದುವರಿಸಬಹುದೇ ಎಂಬುದೂ ಅದರಿಂದಲೇ ತಿಳಿಯಬೇಕು.

ಅಣ್ಣ ತಂದ ಡಬ್ಬಿಯನ್ನು ಎಸೆಯಬೇಡಿ. ಅದರ ಮೇಲೆ ಏನು ಬರೆದಿದೆ ಓದಿ. ಬಹಳಷ್ಟು ಸ್ಟ್ರಿಪ್‌ಗಳಲ್ಲಿ ಸಕ್ಕರೆಯ ಚೌಕದ ಪಕ್ಕದಲ್ಲೇ ಪ್ರೋಟೀನಿನ ಇನ್ನೊಂದು ಚೌಕ ಇರುತ್ತದೆ. ಆರು ತಿಂಗಳಿಂದ ನೀವು ನೀಲಿಯನ್ನಷ್ಟೇ ನೋಡುತ್ತ ಅದನ್ನು ಗಮನಿಸಿರಲಿಕ್ಕಿಲ್ಲ. ಅವಧಿ ಮೀರಿರದಿದ್ದರೆ ನಾಳೆ ಮುಂಜಾನೆ ಆ ಚೌಕವನ್ನು ಡಬ್ಬಿಯ ಬಣ್ಣಗಳೊಂದಿಗೆ ಹೋಲಿಸಿ ನೋಡಿ. ಹಳದಿ ಬಿಟ್ಟು ಹಸಿರಿಗೆ ತಿರುಗಿದ್ದರೆ ಪ್ರಯೋಗಾಲಯದ ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ಹಾಕದೆ ಈ ವಾರವೇ ಮಾಡಿಸಿ. ತಿರುಗದಿದ್ದರೂ ಮಾಡಿಸಿ, ಆ ಚೌಕಕ್ಕೆ ಸಣ್ಣ ಪ್ರಮಾಣದ ಅಲ್ಬುಮಿನ್ ಕಾಣುವುದಿಲ್ಲ.